ಅರಮನೆಯ ಮುಂದಿನ ಹೊಳೆ

ಹೋದ ತಿಂಗಳು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯೊಂದಕ್ಕೆ ಮದುವೆಗೆಂದು ಹೋಗಿದ್ದೆ. ಊಟ ಮುಗಿಸಿ, ಕಾಲಾಡಿಸಿಕೊಂಡು ಬರೋಣವೆಂದು ಬೀದಿಗಿಳಿದರೆ, ಕಂಬಳಿ ನೇಯುವವರ ಮನೆಯಂಗಳದಿಂದ ಒಂದು ವಾಸನೆ ತೇಲಿಬಂತು. ಹುರಿದು ಬೀಸಿದ ಹುಣಸೆ ಬೀಜವನ್ನು ನೀರಿನಲ್ಲಿ ಕುದಿಸುವಾಗ ಬರುವ ವಾಸನೆ. ಒಂದಿಷ್ಟು ಸುಟ್ಟ ವಾಸನೆ, ಒಂದಿಷ್ಟು ಗಂಜಿಯ ವಾಸನೆ, ತಳದಲ್ಲಿ ಎಲ್ಲೋ ಸಣ್ಣಗೆ ಹುಳಿ. ನೂಲಿಗೆ ಬಿಗಿ ಬರಲೆಂದು ಅವರು ಆ ಅಂಟನ್ನು ಬಳಿಯುತ್ತಾರೆ. ಜೊತೆಯಲ್ಲಿದ್ದ ಸೊಸೆ ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ನಾನು ಮಾತ್ರ ಆ ಅಂಗಳದ ಮುಂದೆ ನಿಂತೇಬಿಟ್ಟೆ. ಏಕೆಂದರೆ ನನಗೆ ಅದು ಮೈಸೂರಿನ ವಾಸನೆ. ಮೈಸೂರೆಂದರೆ ಮಲ್ಲಿಗೆಯಲ್ಲವೇ, ಗಂಧವಲ್ಲವೇ ಎನ್ನುತ್ತೀರಿ. ಇರಬಹುದು. ಅದು ನೀವು ನೋಡಿದ ಮೈಸೂರು. ನಾನು ಹೇಳುತ್ತಿರುವ ಮೈಸೂರು ಹೊಳೆನರಸೀಪುರದಲ್ಲಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಒಂದು ಬಿದಿರು ಗಳಕ್ಕೆ ಸುತ್ತಿಕೊಂಡು ನೇತಾಡುತ್ತಿತ್ತು.

ಹೇಮಾವತಿಯ ದಂಡೆಯಿಂದ ಕೂಗಳತೆಯಲ್ಲಿದ್ದ ಮನೆ ಅದು. ಮುಂದಿನ ಭಾಗದಲ್ಲಿ ಅಪ್ಪನ ಬಟ್ಟೆ ಅಂಗಡಿ. ನಡುವೆ ಅಜ್ಜಿಯ ರಾಜ್ಯ: ದೇವರ ಕೋಣೆಯಲ್ಲಿ ತೀರ್ಥಂಕರರ ಪುಟ್ಟ ಕಂಚಿನ ಮೂರ್ತಿ, ಅಡುಗೆಮನೆಯಲ್ಲಿ ಸಾಲಾಗಿ ನೀರಿನ ಕೊಡಗಳು, ಒಂದೊಂದರ ಬಾಯಿಗೂ ಶೋಧಿಸುವ ಬಿಳಿ ಬಟ್ಟೆ. ಹಿಂದಿನ ಭಾಗ ಚಿಕ್ಕಪ್ಪನದು. ಆತ ಆ ಸೀಮೆಗೆಲ್ಲ ಹೆಸರಾದ ಫೋಟೋಗ್ರಾಫರು. ಜನ ಕರೆಯುತ್ತಿದ್ದುದು ‘ಪಟದ ಧರಣಪ್ಪ’ ಎಂದು. ದನದ ಕೊಟ್ಟಿಗೆಯಾಗಿದ್ದ ಜಾಗದ ನಾಡಹೆಂಚು ಕೀಳಿಸಿ, ಒಂದು ಮಗ್ಗುಲಿಗೆ ಗಾಜಿನ ಹೆಂಚು ಹಾಕಿಸಿದ್ದ. ಆಗ ನಮ್ಮೂರಲ್ಲಿ ಪಟ ತೆಗೆಯಲು ಸೂರ್ಯನೇ ದೀಪ. ಅಜ್ಜಿಗೆ ಇದು ಬಹಳ ಅನುಕೂಲವಾಗಿತ್ತು. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಚಿಕ್ಕಪ್ಪನಿಗೆ ಹೊತ್ತು ಮುಳುಗಿದ ಮೇಲೆ ಕೆಲಸವಿಲ್ಲ. ಗಾಜಿನ ಹೆಂಚಿನ ಬಿಸಿಲು ಹಳದಿಗೆ ತಿರುಗುತ್ತಿದ್ದಂತೆ ಆತ ಕ್ಯಾಮೆರಾದ ಕರಿಬಟ್ಟೆ ಮಡಿಚಿಟ್ಟು ನೇರ ಎಲೆಯ ಮುಂದೆ ಬಂದು ಕೂರುತ್ತಿದ್ದ. ಇಂಥ ಕಸುಬು ಹಿಡಿದ ಮಗನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ಅಜ್ಜಿ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು.

ಗಳಕ್ಕೆ ಸುತ್ತಿದ್ದ ಆ ಮೈಸೂರು, ಪಟ ತೆಗೆಯುವಾಗ ಹಿಂದೆ ಇಳಿಬಿಡುವ ಪರದೆ, ಬಂದದ್ದು ಹೀಗೆ. ಯಾವುದೋ ನಾಟಕದ ಕಂಪನಿ ನಮ್ಮೂರಿನಲ್ಲಿ ಡೇರೆ ಹಾಕಿ, ಕಲೆಕ್ಷನ್ ಆಗದೆ, ಜಗಳವಾಡಿಕೊಂಡು ಒಡೆದುಹೋಯಿತು. ರಾಜನ ಪಾರ್ಟಿನವನು, ರಾಣಿಯ ಪಾರ್ಟಿನವನು ಎಲ್ಲ ಒಂದೊಂದು ದಾರಿ ಹಿಡಿದರು. ಪರದೆ ಬರೆಯುವವನೊಬ್ಬ ದಿಕ್ಕಿಲ್ಲದೆ ಉಳಿದುಕೊಂಡ. ಚಿಕ್ಕಪ್ಪ ಅವನಿಗೆ ಊಟ ಹಾಕಿ, ಅಂಗಡಿಯಿಂದ ದಪ್ಪನೆಯ ಬಟ್ಟೆ ತಂದು ಹೊಲಿಸಿ, ಮೈಸೂರು ಅರಮನೆಯ ಪೋಸ್ಟ್ ಕಾರ್ಡ್ ಒಂದನ್ನು ಕೈಗೆ ಕೊಟ್ಟು, ಇದನ್ನು ಬರೆ ಎಂದ. ಅವನು ಬಣ್ಣಕ್ಕೆ ಸರೇಸು ಕಲೆಸಲು ಹೊರಟಾಗ ಮೊದಲ ರಂಪ. ಸರೇಸೆಂದರೆ ಸತ್ತ ದನದ ಚರ್ಮ, ಮೂಳೆ ಕಾಯಿಸಿ ತೆಗೆದ ಅಂಟು. ಅದು ತನ್ನ ಮನೆಯ ಹೊಸ್ತಿಲು ದಾಟಕೂಡದೆಂದು ಅಜ್ಜಿ ಪಟ್ಟುಹಿಡಿದಳು. ಕೊನೆಗೆ ಹುಣಸೆ ಬೀಜದ ಅಂಟಿನಲ್ಲಿ ಬಣ್ಣ ಕಲೆಸುವುದೆಂದು ತೀರ್ಮಾನವಾಗಿ, ಹಿತ್ತಿಲ ಒಲೆಯ ಮೇಲೆ ಅದು ದಿನಗಟ್ಟಲೆ ಕೊತಗುಟ್ಟಿತು. ಅರಮನೆ ಚೆನ್ನಾಗಿಯೇ ಎದ್ದಿತು. ಗುಮ್ಮಟಗಳು, ಕಮಾನುಗಳು, ನಡುವಿನ ಗೋಪುರ, ಎಲ್ಲವೂ ಬಂದವು. ಆದರೆ ಪುಣ್ಯಾತ್ಮ ಮೇಲಿನಿಂದ ಶುರುಮಾಡಿ ಲೆಕ್ಕ ತಪ್ಪಿದ್ದ. ಕೆಳಗಡೆ ಒಂದಾಳೆತ್ತರದ ಬಟ್ಟೆ ಬರಿದೇ ಉಳಿಯಿತು. ಅಲ್ಲಿ ಏನು ಬರೆಯುವುದೆಂದು ಇಬ್ಬರೂ ತಲೆ ಕೆರೆದುಕೊಳ್ಳುತ್ತಿರುವಾಗ, ಮಜ್ಜಿಗೆ ಕೊಡಲು ಬಂದ ಅಜ್ಜಿ ಬಾಗಿಲಲ್ಲೇ ನಿಂತು ಒಂದು ಮಾತು ಕೇಳಿದಳು: “ಅಲ್ಲ ಕಣೋ, ಅಷ್ಟು ದೊಡ್ಡ ಊರಿಗೆ ನೀರೆಲ್ಲಿಂದ ಬರುತ್ತೆ?”

ಹೊಳೆಯ ದಂಡೆಯಲ್ಲಿ ಹುಟ್ಟಿ, ಹೊಳೆಯ ದಂಡೆಗೇ ಲಗ್ನವಾಗಿ ಬಂದವಳು ಅವಳು. ನೀರಿಲ್ಲದ ಕಡೆ ಯಾರಾದರೂ ಪಟ್ಟಣ ಕಟ್ಟುತ್ತಾರೆಂದರೆ ಅವಳು ನಂಬುವಂತೆಯೇ ಇರಲಿಲ್ಲ. ಚಿಕ್ಕಪ್ಪ ಮೈಸೂರು ಕಂಡವನು, ನಕ್ಕ. ನಕ್ಕರೂ, ಬರೆದುಬಿಡಪ್ಪ ಎಂದ. ಹೇಗೂ ಗಂಡುಹೆಣ್ಣು ಮುಂದೆ ನಿಂತರೆ ಅರ್ಧ ಮುಚ್ಚಿಹೋಗುತ್ತದೆ ಎಂಬುದು ಅವನ ಲೆಕ್ಕ. ಹಾಗೆ ಅರಮನೆಯ ಮುಂದೆ ಒಂದು ಹೊಳೆ ಹರಿಯಿತು. ನೀಲಿ ನೀರು, ಅದಕ್ಕಿಳಿಯುವ ಕಲ್ಲಿನ ಮೆಟ್ಟಿಲು, ಅಂಬಿಗನಿಲ್ಲದ ಒಂದು ದೋಣಿ. ಅರಮನೆಯ ಗೋಪುರದ ನೆರಳು ನೀರಿನಲ್ಲಿ ಅಲುಗುವಂತೆ ಬರೆದಿದ್ದ ಆತ. ಅರಮನೆಗಿಂತ ಹೊಳೆಯೇ ಚೆನ್ನಾಗಿ ಬಂದಿತ್ತೆಂದು ಈಗಲೂ ನನ್ನ ಅಭಿಪ್ರಾಯ.

ಆಮೇಲೆ ನಡೆದದ್ದನ್ನು ಹೇಳಿದರೆ ನೀವು ನಗುತ್ತೀರಿ. ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ, ಅತ್ತ ಹಾಸನದ ಕಡೆಯ ಸಾಲಗಾಮೆ, ಮೊಸಳೆ ಎಂಬ ಊರುಗಳಿಂದಲೂ ಮದುವೆಯಾದ ಜೋಡಿಗಳು ಗಾಡಿ ಕಟ್ಟಿಸಿಕೊಂಡು ಬಂದು ನಮ್ಮ ಮೈಸೂರಿನ ಮುಂದೆ ನಿಂತವು. ಹೆಣ್ಣು ಕುರ್ಚಿಯಲ್ಲಿ, ಗಂಡು ಪಕ್ಕದಲ್ಲಿ ಕೈಗಡಿಯಾರ ಕಾಣುವ ಹಾಗೆ. ಕೈಗಡಿಯಾರವೂ ಚಿಕ್ಕಪ್ಪನದೇ. ಆ ಪಟಗಳು ಕಟ್ಟು ಹಾಕಿಸಿಕೊಂಡು ಪಡಸಾಲೆಯ ಗೋಡೆಗಳಿಗೆ ಏರಿದವು. ನೋಡನೋಡುತ್ತ ಆ ಸೀಮೆಗೆಲ್ಲ ಮೈಸೂರಿನಲ್ಲಿ ಅರಮನೆಯ ಮುಂದೆ ಹೊಳೆ ಹರಿಯುತ್ತದೆ ಎಂಬುದು ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎಂಬಷ್ಟೇ ಖಚಿತವಾಯಿತು. ನಮ್ಮ ಶಾಲೆಯಲ್ಲಿ ಮೈಸೂರಿನ ಚಿತ್ರ ಬರೆಯಿರಿ ಎಂದರೆ ಎಲ್ಲರ ಸ್ಲೇಟಿನಲ್ಲೂ ಒಂದು ದೋಣಿ. ದಸರಾ ನೋಡಿ ಬಂದವರು, ಜನವೋ ಜನ, ಹೊಳೆಯೇ ಕಾಣಲಿಲ್ಲ ಎನ್ನುತ್ತಿದ್ದರು. ಪತ್ರಿಕೆಯಲ್ಲಿ ಅಚ್ಚಾದ ಅರಮನೆಯ ಚಿತ್ರದಲ್ಲಿ ಹೊಳೆಯಿಲ್ಲದ್ದನ್ನು ತೋರಿಸಿದರೆ, ಕಾಗದ ಸಾಲದೆ ಕೆಳಗೆ ಕತ್ತರಿಸಿದ್ದಾರೆ ಎನ್ನುತ್ತಿದ್ದರು. ಮೈಸೂರಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಹೆಣ್ಣು ನೋಡಲು ಹೋದ ಮನೆಯಲ್ಲಿ, ಅಲ್ಲಿ ಯಾವ ಹೊಳೆಯೂ ಇಲ್ಲ ಎಂದು ವಾದಿಸಿದನಂತೆ. ಇವನು ಮೈಸೂರಿಗೇ ಹೋಗಿಲ್ಲ, ಓದಿದ್ದೇನೆಂಬುದೂ ಸುಳ್ಳಿರಬೇಕು ಎಂದು ಹೆಣ್ಣಿನವರು ಸಂಬಂಧವನ್ನೇ ಬಿಟ್ಟರು. ಇದಕ್ಕೆ ರೈಲೂ ಒಂದು ಸಾಕ್ಷಿ. ನಮ್ಮ ಕಡೆಯಿಂದ ಹೋಗುವ ರೈಲು ಮೈಸೂರು ಸೇರುವ ಮುಂಚೆ ಸೇತುವೆಯ ಮೇಲೆ ಕಾವೇರಿಯನ್ನು ದಾಟುತ್ತದೆ. ಆ ನೀರೇ ಮುಂದೆ ಅರಮನೆಗೆ ಹೋಗುತ್ತದೆಂದು ಜನ ತಾವೇ ಜೋಡಿಸಿಕೊಂಡರು. ಚಿಕ್ಕಪ್ಪನಿಗೆ ಇದೆಲ್ಲ ತಮಾಷೆ. ಇಡೀ ಸೀಮೆಗೆ ನೀರು ಕುಡಿಸಿದವಳು ನಮ್ಮಮ್ಮ ಎಂದು ಊಟಕ್ಕೆ ಕೂತಾಗ ಅಜ್ಜಿಯನ್ನು ಛೇಡಿಸುತ್ತಿದ್ದ.

ಸಣ್ಣಮ್ಮ ಎಂಬ ಹುಡುಗಿ ನಮ್ಮ ಮನೆಗೆ ಮೊದಲು ಬಂದದ್ದು ಹಾಗೆ ಪಟ ತೆಗೆಸಿಕೊಳ್ಳುವ ಮದುಮಗಳಾಗಿಯೇ. ಅರಕಲಗೂಡಿನ ದಾರಿಯ ಒಂದು ಹಳ್ಳಿಯ ಒಕ್ಕಲ ಮನೆತನದವಳು. ಉದ್ದನೆಯ ಕತ್ತು, ಕೆನ್ನೆಗೆ ಮೆತ್ತಿದ ಅರಿಶಿನ ಇನ್ನೂ ಹೋಗಿರಲಿಲ್ಲ. ಕರಿಬಟ್ಟೆಯೊಳಗೆ ಚಿಕ್ಕಪ್ಪ ತಲೆ ತೂರಿಸಿದ್ದು ನೋಡಿ ಅವಳಿಗೆ ನಗು ತಡೆಯದೆ, ಎರಡು ಗಾಜಿನ ಪ್ಲೇಟು ಹಾಳಾಗಿದ್ದವು. ಗಂಡ ಕಾಳೇಗೌಡ ಅವಳನ್ನು ಗದರಲಿಲ್ಲ, ತಾನೂ ನಕ್ಕ. ಅದಕ್ಕೇ ನನಗೆ ಅವರಿಬ್ಬರ ಮುಖ ನೆನಪಿನಲ್ಲಿ ಉಳಿದದ್ದು. ಮುಂದೆ ಕಾಳೇಗೌಡನಿಗೆ ಮೈಸೂರಿನಲ್ಲಿ ಯಾರದೋ ಕುದುರೆ ಲಾಯದಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಆ ಪಟವನ್ನು ಟ್ರಂಕಿನಲ್ಲಿಟ್ಟುಕೊಂಡು ಹೋದನಂತೆ. ಹಬ್ಬಕ್ಕೆ ಬಂದಾಗಲೆಲ್ಲ ಅವಳು ಹೊಳೆ ಹೇಗಿದೆ ಎಂದು ಕೇಳುವಳು. ಅವನು ನಗುವನು, ನೀನೇ ಬಂದು ನೋಡುವೆಯಂತೆ ಎನ್ನುವನು. ಮನೆ ಮಾಡಿ ಕರೆಸಿಕೊಳ್ಳುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡಿತು.

ಇದೆಲ್ಲ ನಮಗೆ ತಿಳಿದದ್ದು ಅವಳು ಎರಡನೆಯ ಸಲ ಬಂದಾಗ, ಸತ್ತವರಿಗೆ ಎಡೆ ಇಡುವ ಮಾರ್ನಾಮಿಯ ಅಮಾವಾಸ್ಯೆಯ ದಿನ. ಕುಂಕುಮವಿಲ್ಲದ ಹಣೆ ನೋಡಿ ಅಜ್ಜಿ ಮೊದಲು ಗುರುತು ಹಿಡಿಯಲಿಲ್ಲ. ತಮ್ಮ ಮದುವೆಯ ಪಟದ ಇನ್ನೊಂದು ಪ್ರತಿ ಬೇಕೆಂದು ಕೇಳಲು ಬಂದಿದ್ದಳು. ಟ್ರಂಕು, ಪಟ, ಬಟ್ಟೆಬರೆ ಯಾವುದೂ ಮೈಸೂರಿನಿಂದ ಹಿಂತಿರುಗಿರಲಿಲ್ಲ. ಆದರೆ ಯುದ್ಧದ ಕಾಲ. ಗಾಜು ಸಿಗದೆ ಚಿಕ್ಕಪ್ಪ ಪಟದ ಅಚ್ಚು ಮೂಡಿದ್ದ ಹಳೆಯ ಪ್ಲೇಟುಗಳನ್ನೆಲ್ಲ ಬಿಸಿನೀರಿನಲ್ಲಿ ತೊಳೆದು ಪಟಗಳ ಕಟ್ಟಿಗೆ ಬಳಸಿಬಿಟ್ಟಿದ್ದ. ಅವಳ ಮದುವೆ ಯಾರ ಮದುವೆಯ ಮೇಲಿನ ಗಾಜಾಗಿತ್ತೋ. ಇಲ್ಲವೆಂದು ಹೇಳಿದಾಗ ಅವಳು ಅಳಲಿಲ್ಲ, ಪರದೆಯನ್ನಾದರೂ ಒಂದು ಸಲ ಬಿಡಿಸಿ ತೋರಿಸಿ ಎಂದಳು. ಚಿಕ್ಕಪ್ಪ ಹಗ್ಗ ಸಡಿಲಿಸಿದ. ಅರಮನೆ ಇಳಿಯಿತು, ಹೊಳೆ ಇಳಿಯಿತು. ಅವಳು ನೆಲದ ಮೇಲೆ ಕೂತು ಮಡಿಲಿನಿಂದ ಚೆಂಡುಹೂ ತೆಗೆದು ಆ ಬರೆದ ಮೆಟ್ಟಿಲಿನ ಬುಡಕ್ಕೆ ಇಟ್ಟಳು. ಇದೇಕೆಂದು ಅಜ್ಜಿ ಕೇಳಿದಳು.

“ನಮ್ ಬಾವ ಓಗಿದ್ರು ಕಣವ್ವ, ಮೈಸೂರ್‌ಗೆ. ಮಣ್ಣು ಮಾಡಕ್ಕೂ ಬುಡ್ದೆ ಅಲ್ಲಿನವ್ರೇ ಸುಟ್ಬುಟ್ಟಿದ್ರಂತೆ. ಬೂದಿನ ಈ ಒಳೆಗೇ ಬುಟ್ಟು ಬಂದ್ರಂತೆ. ನಿಮ್ ಪಟದಾಗಿರೋ ಒಳೆನಾಗೆ ಅವ್ನೆ, ಅಳ್ಬ್ಯಾಡ ಅಂದ್ರು.”

ಹಗ್ಗ ಹಿಡಿದು ನಿಂತಿದ್ದ ಚಿಕ್ಕಪ್ಪನ ಮುಖ ನಾನು ನೋಡಿದೆ. ಬಾಯಿ ತೆರೆಯಹೊರಟಿದ್ದ. ಅಜ್ಜಿ ಕಣ್ಣಿನಲ್ಲೇ ಅವನನ್ನು ತಡೆದಳು. ಅವಳ ಭಾವ, ಕಾಳೇಗೌಡನ ಅಣ್ಣ, ಮೈಸೂರು ಮುಟ್ಟುವ ಹೊತ್ತಿಗೆ ಅವನಿಗೆ ಬೂದಿಯೂ ಸಿಕ್ಕಿರಲಿಲ್ಲ ಎಂಬುದು ಇಬ್ಬರಿಗೂ ಅರ್ಥವಾಗಿತ್ತು. ಊರಿಗೆ ಬರಿಗೈಯಲ್ಲಿ ಬಂದು ಆ ಹುಡುಗಿಯ ಮುಖ ನೋಡಲಾರದೆ, ಯಾರದೋ ಗೋಡೆಯ ಪಟದಲ್ಲಿದ್ದ ಒಂದು ಹೊಳೆಯನ್ನು ನೆನೆದು ಹೇಳಿಬಿಟ್ಟಿದ್ದ, ಪಾಪ. ಅವನಿಗೇನು, ಇಡೀ ಸೀಮೆಯೇ ನಂಬಿದ್ದ ಹೊಳೆ.

ಅಂದಿನಿಂದ ನಮ್ಮ ಮನೆಯಲ್ಲಿ ತಾಯಿಮಗನಿಗೆ ಒಂದು ಮುಗಿಯದ ವಾದ ಶುರುವಾಯಿತು. ನಾಲ್ಕು ತಾಲ್ಲೂಕಿಗೆ ಸುಳ್ಳು ಹಂಚಿದ್ದು ನಾನು, ಸತ್ಯವ್ರತ ಎಂದು ಬಸದಿಯಲ್ಲಿ ಕೈಮುಗಿದು ಬಂದು ಈ ಸುಳ್ಳಿನಲ್ಲಿ ಅನ್ನ ತಿನ್ನಲಾರೆ ಎಂದು ಚಿಕ್ಕಪ್ಪ. ಇನ್ನೊಂದು ಜೀವಕ್ಕೆ ನೋವಾಗುವ ಸತ್ಯವನ್ನು ನಮ್ಮ ಧರ್ಮ ಸತ್ಯವೆಂದೇ ಕರೆಯುವುದಿಲ್ಲ, ಮುನಿಗಳ ಬಾಯಲ್ಲಿ ಕೇಳಿಲ್ಲವೇ ಎಂದು ಅಜ್ಜಿ. ಸಣ್ಣಮ್ಮ ಮಾತ್ರ ವರ್ಷ ವರ್ಷವೂ ಮಾರ್ನಾಮಿಗೆ ಬಂದಳು. ಹಗ್ಗ ಇಳಿಯುವುದು, ಅವಳು ಕೂರುವುದು, ಹೂ ಇಡುವುದು. ಊರಿನಲ್ಲಿ ಭಾವ ಎಡೆ ಇಡುತ್ತಿದ್ದ. ಇವಳಿಗೆ ಇದು ಅವಳ ಎಡೆ. ಹೊರಡುವಾಗ ಒಂದಿಷ್ಟು ಹಗುರಾಗಿರುತ್ತಿದ್ದಳು, ಅಜ್ಜಿಯ ಹತ್ತಿರ ಬೆಳೆ, ದನ, ಮಳೆ ಎಂದು ಮಾತಾಡಿ ಹೋಗುತ್ತಿದ್ದಳು. ಚಿಕ್ಕಪ್ಪ ಮಾತ್ರ ಆ ದಿನ ಒಂದು ಪಟವನ್ನೂ ತೆಗೆಯುತ್ತಿರಲಿಲ್ಲ.

ಒಂದು ವರ್ಷ ಅವಳು ಹೂವಿನ ಜೊತೆಗೆ ಒಂದು ಮಾತು ತಂದಳು. ಒಮ್ಮೆ ಆ ಹೊಳೆಯನ್ನೇ ಕಂಡು, ಕೈಯಾರೆ ಹಾಲು ಬಿಟ್ಟು ಬರಬೇಕು, ನೀವು ಹೇಗೂ ಸಾಮಾನಿಗೆ ಮೈಸೂರಿಗೆ ಹೋಗುತ್ತೀರಲ್ಲ, ಕರೆದುಕೊಂಡು ಹೋಗಿ ಎಂದಳು. ಒಬ್ಬ ಗಂಡಸಿನ ಜೊತೆ ಅವಳನ್ನು ಕಳಿಸುವುದು ಸರಿಯಲ್ಲವೆಂದು ಅಜ್ಜಿಯೂ ಹೊರಟಳು. ಅಜ್ಜಿ ಹೊರಟಳೆಂದು ನಾನೂ. ಹೊರಡುವ ಮೊದಲೇ ಹೇಳಿಬಿಡುತ್ತೇನೆ ಎಂದಿದ್ದ ಚಿಕ್ಕಪ್ಪನಿಗೆ ಸ್ಟೇಷನ್ನಿನಲ್ಲಿ ಬಾಯಿ ಬರಲಿಲ್ಲ, ರೈಲಿನಲ್ಲೂ ಬರಲಿಲ್ಲ. ಸಣ್ಣಮ್ಮ ಹಾಲಿನ ತಂಬಿಗೆಯ ಬಾಯಿಗೆ ಬಾಳೆಲೆ ಕಟ್ಟಿ ಮಡಿಲಲ್ಲಿಟ್ಟುಕೊಂಡು, ಕಿಟಕಿಗೆ ಮುಖ ಹಚ್ಚಿ ಕೂತಿದ್ದಳು. ರೈಲು ಸೇತುವೆಯ ಮೇಲೆ ಬಂತು. ಎರಡೂ ಕಡೆ ಕಣ್ಣು ಹಾಯುವವರೆಗೆ ನೀರು, ಬೆಳಗಿನ ಬಿಸಿಲಿಗೆ ಕಣ್ಣು ಕುಕ್ಕುವಂತೆ. ಅವಳು ಎದ್ದು ನಿಂತಳು. ತಂಬಿಗೆ ಎರಡೂ ಕೈಯಲ್ಲಿತ್ತು.

“ಇದೇನಾ ಸಾ?”

ಅಜ್ಜಿ ಚಿಕ್ಕಪ್ಪನ ಕಡೆ ನೋಡಿದಳು. ಆ ನೋಟದಲ್ಲಿದ್ದದ್ದು ಒಂದೇ ಬೇಡಿಕೆ, ನಾನು ಚಿಕ್ಕ ಹುಡುಗಿಯಾದರೂ ನನಗದು ತಿಳಿಯಿತು. ಒಂದು ಹೂಂ ಸಾಕಿತ್ತು. ಚಿಕ್ಕಪ್ಪ ತಲೆ ತಗ್ಗಿಸಿಕೊಂಡು, ಇದಲ್ಲಮ್ಮ ಎಂದ. ಅವಳು ಮತ್ತೆ ಕೂತು ತಂಬಿಗೆಯನ್ನು ಮಡಿಲಿಗಿಟ್ಟುಕೊಂಡಳು. ಸೇತುವೆ ಮುಗಿಯಿತು. ಅಜ್ಜಿ ಆಮೇಲೆ ಬದುಕಿರುವಷ್ಟು ದಿನವೂ, ಅಲ್ಲೇ ಹೌದು ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ ಎಂದು ಅವನನ್ನು ಕೇಳುತ್ತಿದ್ದಳು.

ಅರಮನೆಯ ಮುಂದೆ ಟಾಂಗಾ ಇಳಿದೆವು. ಗುಮ್ಮಟಗಳಿದ್ದವು, ಕಮಾನುಗಳಿದ್ದವು, ಎಲ್ಲ ಪರದೆಯಲ್ಲಿದ್ದಂತೆಯೇ. ಸಣ್ಣಮ್ಮನ ಮುಖ ಅರಳಿತು. ಆಮೇಲೆ ಅವಳ ಕಣ್ಣು ಮೆಲ್ಲಗೆ ಕೆಳಗಿಳಿಯಿತು. ಕೆಳಗೆ ವಿಶಾಲವಾದ ಬಯಲು, ಧೂಳು, ದಸರೆಗೆ ಕಟ್ಟಿದ್ದ ಕಂಬಗಳು, ಕುದುರೆ ಲದ್ದಿ. ಅವಳು ಎಡಕ್ಕೆ ನಡೆದು ನೋಡಿದಳು, ಬಲಕ್ಕೆ ನಡೆದು ನೋಡಿದಳು. ಕೋಟೆಯ ಗೋಡೆಯ ಪಕ್ಕದಲ್ಲಿ ಇಣುಕಿದಳು. ನನಗೆ ಅವಳ ಹಿಂದೆ ಓಡಿಹೋಗಿ ಕೈ ಹಿಡಿದುಕೊಳ್ಳಬೇಕೆನಿಸಿತು, ಹೋಗಲಿಲ್ಲ. ಆಗ ಚಿಕ್ಕಪ್ಪ ಎಲ್ಲವನ್ನೂ ಹೇಳಿದ. ಬಟ್ಟೆ ಮಿಕ್ಕಿದ್ದು, ಅಜ್ಜಿ ಕೇಳಿದ್ದು, ನಕ್ಕು ಬರೆಸಿದ್ದು. ತಪ್ಪಾಯಿತಮ್ಮ ಎಂದು ಆ ಬಿಸಿಲಿನಲ್ಲಿ ಕೈ ಮುಗಿದ. ಅವಳು ಯಾರನ್ನೂ ಬೈಯದೆ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: “ಅಂಗಾದ್ರೆ ಅವ್ರ್ನ ಎಲ್ ಬುಟ್ರು ಸಾ?”

ಹಾಲು ಅಷ್ಟರಲ್ಲಿ ಒಡೆದಿತ್ತು. ಅದನ್ನು ಅವಳು ಚೆಲ್ಲಲೂ ಇಲ್ಲ. ಬರುವಾಗ ಸೇತುವೆಯ ಮೇಲೆ ರೈಲು ಸದ್ದು ಮಾಡಿದಾಗ ಅವಳು ಹೊರಗೆ ನೋಡಲೂ ಇಲ್ಲ.

ಊರಿಗೆ ಬಂದು ನಾಲ್ಕು ದಿನಕ್ಕೆ ಚಿಕ್ಕಪ್ಪ ಪರದೆಯನ್ನು ಅಂಗಳದಲ್ಲಿ ಹಾಸಿದ. ಕೆಮ್ಮಣ್ಣು ಕಲೆಸಿ, ದೊಡ್ಡ ಕುಂಚದಲ್ಲಿ ಹೊಳೆಯನ್ನೂ ಮೆಟ್ಟಿಲನ್ನೂ ದೋಣಿಯನ್ನೂ ತಾನೇ ಬಳಿದುಹಾಕಿದ. ಅರಮನೆಯ ಮುಂದೆ ಈಗ ಮೈಸೂರಿನಲ್ಲಿರುವಂಥದೇ ಬಯಲು. ಅಜ್ಜಿ ಕಂಬಕ್ಕೊರಗಿ ನೋಡುತ್ತಿದ್ದಳು. ನಿಜ ಬರೆದದ್ದಕ್ಕೆ ಚಿಕ್ಕಪ್ಪನಿಗೆ ಸಿಕ್ಕ ಬಹುಮಾನವೇನು ಗೊತ್ತೇ? ಬಂದವರೆಲ್ಲ, ಇದು ಯಾವೂರು, ಮೈಸೂರಿನ ಪರದೆ ಹಾಕಿ ಎನ್ನತೊಡಗಿದರು. ಇದೇ ಮೈಸೂರು ಎಂದರೆ, ನಮ್ಮಣ್ಣನ ಮದುವೆ ಪಟದಲ್ಲಿರುವುದು ಸುಳ್ಳೇ ಎಂದು ಸಿಟ್ಟಾಗುತ್ತಿದ್ದರು. ಒಬ್ಬೊಬ್ಬರಾಗಿ ಹಾಸನದ ಕಡೆಗೆ ತಿರುಗಿದರು. ಅಲ್ಲಿ ಯಾರೋ ಜಾಣ, ನಮ್ಮ ಹಳೆಯ ಪಟಗಳನ್ನೇ ನೋಡಿಕೊಂಡು ಹೊಳೆಯಿರುವ ಅರಮನೆಯ ಪರದೆ ಬರೆಸಿದ್ದನಂತೆ. ಅದನ್ನು ಕೇಳಿ ಚಿಕ್ಕಪ್ಪನಿಗೆ ಬೇಸರವೂ ಆಗಲಿಲ್ಲ. ತನ್ನ ಕೈ ತೊಳೆದುಕೊಂಡೆನೆಂಬ ನೆಮ್ಮದಿ ಅವನಿಗೆ.

ಆ ನೆಮ್ಮದಿ ಮುಂದಿನ ಮಾರ್ನಾಮಿಯವರೆಗೆ ಇತ್ತು. ಅವಳು ಬರುವಳೆಂದು ನಾವು ಯಾರೂ ಎಣಿಸಿರಲಿಲ್ಲ. ಅಮಾವಾಸ್ಯೆಯ ದಿನ ಎಂದಿನಂತೆ, ಎಂದಿನ ಹೊತ್ತಿಗೆ, ಮಡಿಲಲ್ಲಿ ಚೆಂಡುಹೂ ಕಟ್ಟಿಕೊಂಡು ಸಣ್ಣಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಹೆದರಿದವಳಂತೆ ಎದ್ದು, ಬಾರಮ್ಮ, ಮಜ್ಜಿಗೆ ಕುಡಿ, ಇಲ್ಲೇ ಕೂತುಕೋ ಎಂದು ಅವಳನ್ನು ಅಡುಗೆಮನೆಯ ಕಡೆ ಕರೆಯಲು ನೋಡಿದಳು. ಅವಳು ಆಗಲೇ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತಿದ್ದಳು. ಚಿಕ್ಕಪ್ಪ ಹಗ್ಗ ಮುಟ್ಟಲಿಲ್ಲ. ಅವಳೇ ಎದ್ದು ಗೂಟದಿಂದ ಹಗ್ಗ ಬಿಡಿಸಿದಳು. ಅರಮನೆ ಇಳಿಯಿತು. ಅದರ ಕೆಳಗೆ ಕೆಮ್ಮಣ್ಣಿನ ಬಯಲು ಇಳಿಯಿತು. ಅವಳು ಬಟ್ಟೆಯನ್ನು ಕೈಯಿಂದ ಸವರಿದಳು, ಒದ್ದೆಯಿದೆಯೇ ಎಂದು ನೋಡುವ ಹಾಗೆ.

ಚಿಕ್ಕಪ್ಪ, ಅದು ಸುಳ್ಳಾಗಿತ್ತಲ್ಲಮ್ಮ, ನೀನೇ ನೋಡಿದೆಯಲ್ಲ, ಅದಕ್ಕೇ ಅಳಿಸಿಬಿಟ್ಟೆ ಎಂದ.

“ಮೈಸೂರ್‌ನಾಗಿಲ್ಲ ಅಂತ ನಂಗೊತ್ತು ಸಾ, ಕಣ್ಣಾರೆ ಕಂಡಿವ್ನಿ. ಇಲ್ಲಿತ್ತಲ್ಲ ಸಾ.”

ಅಷ್ಟೇ ಅವಳು ಹೇಳಿದ್ದು. ಮತ್ತೆ ಬರೆಸುತ್ತೇನೆ, ಆ ಪರದೆಯವನನ್ನು ಎಲ್ಲಿದ್ದರೂ ಹುಡುಕಿಸುತ್ತೇನೆ ಎಂದು ಚಿಕ್ಕಪ್ಪ ಬೀದಿಯವರೆಗೂ ಅವಳ ಹಿಂದೆ ಹೋದ. ಬ್ಯಾಡ ಬುಡಿ ಎನ್ನುವಂತೆ ಅವಳು ಕೈಯಾಡಿಸಿದಳು. ಹೂವು ಅವಳ ಮಡಿಲಲ್ಲೇ ಇತ್ತು. ಅದನ್ನು ಎಲ್ಲಿಟ್ಟಳೋ ನಮಗೆ ಗೊತ್ತಾಗಲಿಲ್ಲ. ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಅಜ್ಜಿ ಹೋದಳು. ಆಮೇಲೆ ಚಿಕ್ಕಪ್ಪನೂ ಹೋದ. ಮನೆ ಯಾರದೋ ಪಾಲಾಗಿ, ಕೆಡವಿ, ಅಲ್ಲಿ ಈಗ ಸಿಮೆಂಟಿನ ಗೋದಾಮು ಎದ್ದಿದೆ. ಮೈಸೂರು ಈಗ ಎಲ್ಲರಿಗೂ ಅಂಗೈಯಲ್ಲಿದೆ, ನಮ್ಮ ಸೀಮೆಯ ಯಾವ ಮಗುವೂ ಅರಮನೆಯ ಮುಂದೆ ದೋಣಿ ಬರೆಯುವುದಿಲ್ಲ. ಚಿಕ್ಕಪ್ಪ ಬಯಸಿದಂತೆಯೇ ಆಗಿದೆ, ಎಲ್ಲರಿಗೂ ನಿಜ ಗೊತ್ತಾಗಿದೆ. ಅದರಿಂದ ಯಾರಿಗೆ ಏನು ಸಿಕ್ಕಿತೋ ನಾನು ಕಾಣೆ. ಸಣ್ಣಮ್ಮನಿಗಂತೂ, ವರ್ಷಕ್ಕೊಮ್ಮೆ ಹೋಗಿ ಗಂಡನ ಹತ್ತಿರ ಕೂತು ಬರಲು ಈ ಲೋಕದಲ್ಲಿ ಒಂದು ಜಾಗವಿಲ್ಲದಂತಾಯಿತು.